ಎಂಜಿನ್ ಆಫ್ ಮಾಡಿದ ಮೇಲೆ ಲಿಫ್ಟ್ ಇಳಿದರೆ ಪಂಪ್ ಬದಲಾಯಿಸಬೇಕಾ?

ಪ್ರಶ್ನೆ: ನನ್ನದು ಹಳೆಯ ಟ್ರ್ಯಾಕ್ಟರ್. ಹಿಂದಿನ ಹೈಡ್ರಾಲಿಕ್ ಲಿಫ್ಟಿನಲ್ಲಿ ಕಲ್ಟಿವೇಟರ್ ಎತ್ತಿ ಎಂಜಿನ್ ಆಫ್ ಮಾಡಿದರೆ ಐದೇ ನಿಮಿಷಕ್ಕೆ ನೆಲಕ್ಕೆ ಬಂದು ಕೂರುತ್ತದೆ. ಪಂಪ್ ಹೋಗಿದೆ ಅಂತಾರೆ. ಹೌದಾ?

ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಇನ್ನೊಮ್ಮೆ ಹೇಳುತ್ತೇನೆ, ಈ ಒಂದು ತಪ್ಪು ನಂಬಿಕೆಯಿಂದ ಗಟ್ಟಿಮುಟ್ಟಾದ ಪಂಪ್‌ಗಳು ಸುಮ್ನೆ ಗುಜರಿ ಸೇರುತ್ತಿವೆ.

ನೀವೇ ಯೋಚಿಸಿ. ಎಂಜಿನ್ ನಿಂತ ಮೇಲೆ ಪಂಪ್ ತಿರುಗುವುದೇ ಇಲ್ಲ, ಅಲ್ವಾ? ಹಾಗಾದರೆ ಅಷ್ಟು ಭಾರವನ್ನು ಹಿಡಿದಿರುವುದು ಯಾವುದು? ಲಿಫ್ಟ್ ಸಿಲಿಂಡರಿನೊಳಗೆ ಸಿಕ್ಕಿಬಿದ್ದ ಆಯಿಲ್. ಆಯಿಲ್ ತಳ್ಳುವುದಷ್ಟೇ ಪಂಪಿನ ಕೆಲಸ, ಹಿಡಿದಿಡುವುದು ವಾಲ್ವ್‌ಗಳ ಕೆಲಸ. ಹೊರಗೆಲ್ಲೂ ತೊಟ್ಟಿಕ್ಕುತ್ತಿಲ್ಲ ಅಂದರೆ ಅದು ಒಳಗೇ ನುಸುಳುತ್ತಿದೆ. ಪಿಸ್ಟನ್ ಸೀಲ್, ಚೆಕ್ ವಾಲ್ವ್ (ಆಯಿಲ್ ಹಿಂದಕ್ಕೆ ಹೋಗದಂತೆ ತಡೆಯುವುದು), ಕಂಟ್ರೋಲ್ ವಾಲ್ವಿನ ಸ್ಪೂಲ್ (ಒಳಗೆ ಹಿಂದೆ ಮುಂದೆ ಸರಿದು ಆಯಿಲಿನ ದಾರಿ ಬದಲಿಸುವ ಕಡ್ಡಿ), ಸಿಲಿಂಡರಿನ ಸೇಫ್ಟಿ ವಾಲ್ವ್, ಇವುಗಳನ್ನು ನೋಡಿ.

ಎಂಜಿನ್ ಓಡುವಾಗ ಲಿಫ್ಟ್ ಬಿಕ್ಕಳಿಸಿದ ಹಾಗೆ ಸ್ವಲ್ಪ ಇಳಿದು ಮತ್ತೆ ಏಳುತ್ತದಾ? ಸೋರಿದಷ್ಟನ್ನೂ ಪಂಪ್ ಮತ್ತೆ ತುಂಬುತ್ತಿದೆ ಅಂತ ಅರ್ಥ. ಪಾಪ, ಅದರ ಮೇಲೇ ಅನುಮಾನ! ಪಂಪ್ ಸವೆದಿದ್ದರೆ ಲಕ್ಷಣವೇ ಬೇರೆ: ಬೆಳಿಗ್ಗೆ ತಣ್ಣಗಿರುವಾಗ ಎತ್ತುತ್ತದೆ, ಆಯಿಲ್ ಬಿಸಿಯಾಗಿ ತೆಳ್ಳಗಾದ ಮೇಲೆ ಎತ್ತಲು ಒದ್ದಾಡುತ್ತದೆ. ಆಗಲೂ ಮೊದಲು ಆಯಿಲ್ ಮಟ್ಟ, ಫಿಲ್ಟರ್ ನೋಡಿ.

ಒಮ್ಮೆ ನಾನು ಬಿಚ್ಚಿದ ಚೆಕ್ ವಾಲ್ವಿನಲ್ಲಿ, ಗುಂಡು ಕೂರುವ ಅಂಚಿನ ಸುತ್ತ ಇರಬೇಕಾದ ಹೊಳೆಯುವ ಗೆರೆ ಒಂದು ಕಡೆ ಕಡಿದಿತ್ತು. ಉಗುರಿಗೆ ಸಿಗುವಷ್ಟು ಸಣ್ಣ ಗೀರು. ಇಡೀ ಕಲ್ಟಿವೇಟರನ್ನು ಕೆಳಗಿಳಿಸುತ್ತಿದ್ದದ್ದು ಅದೇ.

ರಾತ್ರಿಯಿಡೀ ನಿಲ್ಲಿಸಿದಾಗ ಸ್ವಲ್ಪ ಇಳಿದರೆ ಚಿಂತೆ ಬೇಡ. ಹೆಚ್ಚಿನ ಸ್ಪೂಲ್‌ಗಳಿಗೆ ರಬ್ಬರ್ ಸೀಲ್ ಇರುವುದಿಲ್ಲ, ಕಬ್ಬಿಣಕ್ಕೆ ಕಬ್ಬಿಣ ಕೂತಿರುತ್ತದೆ. ಚೂರು ನುಸುಳಿಯೇ ನುಸುಳುತ್ತದೆ. ಬಿಚ್ಚುವ ಮೊದಲು ಮಾತ್ರ ಭಾರವನ್ನು ಪೂರ್ತಿ ನೆಲಕ್ಕಿಳಿಸಿ. ಎತ್ತಿದ್ದರ ಕೆಳಗೆ ಕೈ, ತಲೆ ಹಾಕಲೇಬೇಡಿ.

ಈ ನಂಬಿಕೆಗೆ ಒಂದು ಕಾರಣವೂ ಇರಬಹುದು. 1946ರಲ್ಲಿ ತಯಾರಿಕೆ ಶುರುವಾದ ಫರ್ಗ್ಯೂಸನ್ ಟಿಇ20ಯಂಥ ಹಳೆಯ ಟ್ರ್ಯಾಕ್ಟರುಗಳಲ್ಲಿ ಪಂಪೂ ಕಂಟ್ರೋಲ್ ವಾಲ್ವೂ ಒಂದೇ ಮೈಯಲ್ಲಿವೆ. ಅಲ್ಲಿ ಪಂಪ್ ಪೂರ್ತಿ ಬದಲಾಯಿಸಿದರೆ ಸೋರುವ ವಾಲ್ವೂ ಜೊತೆಗೇ ಹೋಗುತ್ತದೆ, ಲಿಫ್ಟ್ ಇಳಿಯದೆ ಎತ್ತಿದಲ್ಲೇ ನಿಲ್ಲುತ್ತದೆ. ಹೆಸರು ಪಂಪಿಗೆ! ಬೇರೆಯಾಗಿ ಗೇರ್ ಪಂಪ್ ಇರುವ ಟ್ರ್ಯಾಕ್ಟರಿಗೆ ಆ ಲೆಕ್ಕ ನಡೆಯುವುದಿಲ್ಲ.

ಟಿಇ20 ಮಾತು ಬಂತಲ್ಲ, ಅದರ ಪಂಪ್ ತಿರುಗುವುದು ಪಿಟಿಒ ಶಾಫ್ಟಿನಿಂದ, ಅಂದರೆ ಎಂಜಿನ್ ಶಕ್ತಿಯನ್ನು ಹಿಂದಿನ ಉಪಕರಣಗಳಿಗೆ ಕೊಡುವ ಶಾಫ್ಟಿನಿಂದ. ಪಿಟಿಒ ಲಿವರ್ ಹಾಕದಿದ್ದರೆ, ಇಲ್ಲವೇ ಕ್ಲಚ್ ತುಳಿದಿದ್ದರೆ, ಲಿಫ್ಟ್ ಏಳುವುದಿಲ್ಲ. ಅದು ಕೆಟ್ಟಿಲ್ಲ. ಮುಂದೆ ಬಂದ ಮಾಸ್ಸಿ ಫರ್ಗ್ಯೂಸನ್ 35ರ ಡಬಲ್ ಕ್ಲಚ್ ಮಾದರಿಗಳಲ್ಲಿ ಪೆಡಲನ್ನು ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ, ಪಂಪ್ ತಿರುಗುತ್ತಲೇ ಇರುತ್ತದೆ. ಪೂರ್ತಿ ತುಳಿದರೆ ಅದೂ ನಿಲ್ಲುತ್ತದೆ.