ರಾತ್ರಿ ಬಂದ್ ಆಗುವ ನಳ: ಕಾರವಾರದ ಕುಡಿಯುವ ನೀರಿನ ಹಿನ್ನೆಲೆ

ಬೈತಖೋಲದ ಮೀನುಗಾರಿಕೆ ಬಂದರಿನಿಂದ ಹೊತ್ತು ಮುಳುಗಿದ ಮೇಲೆ ಮನೆಗೆ ಮರಳುವ ಹೆಂಗಸು ಮೊದಲು ಇಣುಕುವುದು ಬಚ್ಚಲಿನ ಹಂಡೆಯೊಳಗೆ. ಮೀನಿನ ಬುಟ್ಟಿ ತೊಳೆಯಬೇಕು, ಮೈಗೆ ಹತ್ತಿದ ವಾಸನೆ ಹೋಗುವಂತೆ ಸ್ನಾನವಾಗಬೇಕು, ಬೆಳಗಿನ ಅಡುಗೆಗೆ ಒಂದು ಕೊಡಪಾನವನ್ನಾದರೂ ಉಳಿಸಿಕೊಳ್ಳಬೇಕು. ನಳ ತಿರುಗಿಸಿದರೆ ಸುಂಯ್ ಎಂದು ಗಾಳಿ ಹೊರಬರುತ್ತದೆ, ನಾಲ್ಕು ಹನಿ ಕೆಂಪು ನೀರು ಬೀಳುತ್ತದೆ, ಮತ್ತೆ ಸುಮ್ಮನಾಗುತ್ತದೆ. ನೀರು ಬಂದು ಹೋದ ಹೊತ್ತಿನಲ್ಲಿ ಆಕೆ ಮನೆಯಲ್ಲಿ ಇರಲಿಲ್ಲ.

ಕಾಳಿಯಂತಹ ನದಿ ಸಮುದ್ರ ಸೇರುವಲ್ಲಿಯೇ ಇರುವ ಊರಿನಲ್ಲಿ ರಾತ್ರಿ ನೀರಿಲ್ಲವೆಂದರೆ ಹೊರಗಿನವರು ನಂಬುವುದು ಕಷ್ಟ. ರಾಜ್ಯದ ಬಹುತೇಕ ಪಟ್ಟಣಗಳಂತೆ ಉತ್ತರ ಕನ್ನಡದ ಊರುಗಳಲ್ಲಿಯೂ ನಳದ ನೀರು ಓಣಿಯಿಂದ ಓಣಿಗೆ ಪಾಳಿಯಂತೆ, ಗಂಟೆಗಳ ಲೆಕ್ಕದಲ್ಲಿ ಬರುತ್ತದೆ. ರಾತ್ರಿ ವಾಲ್ವ್ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ಆ ಗಂಟೆಗಳೂ ಕಡಿಮೆಯಾದಾಗ ಜನರ ಸಿಟ್ಟು ಕಚೇರಿಯ ಬಾಗಿಲಿನಲ್ಲಿ ಖಾಲಿ ಕೊಡಗಳ ಪ್ರದರ್ಶನವಾಗುತ್ತದೆ, ಟ್ಯಾಂಕರ್ ಬಂದ ಮೇಲೆ ತಣ್ಣಗಾಗುತ್ತದೆ. ಹೊಳೆಯಲ್ಲಿಯೇ ನೀರಿಲ್ಲ ಎನ್ನುವವರಿದ್ದಾರೆ, ನೀರೆಲ್ಲ ದೊಡ್ಡವರ ಪಾಲಾಗುತ್ತದೆ ಎನ್ನುವವರಿದ್ದಾರೆ, ಎಲ್ಲವೂ ವಾಲ್ವ್‌ಮನ್‌ನ ಮರ್ಜಿ ಎನ್ನುವವರೂ ಇದ್ದಾರೆ. ಈ ಮೂರು ಮಾತುಗಳಲ್ಲಿಯೂ ಅಷ್ಟಿಷ್ಟು ನಿಜವಿದೆ, ಆದರೆ ರಾತ್ರಿ ನಳ ಏಕೆ ಒಣಗುತ್ತದೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿ ಕಾರವಾರ ಜಿಲ್ಲಾ ಕೇಂದ್ರವಾಯಿತು. ಕಚೇರಿ, ಬಂದರು, ಬಂಗಲೆಗಳ ಸುತ್ತ ಬೆಳೆದ ಆ ಊರು ಬದುಕಿದ್ದು ಬಾವಿಯ ಮೇಲೆ. ತೆಂಗಿನ ಹಿತ್ತಲುಗಳಲ್ಲಿ ಇಂದಿಗೂ ಕಾಣುವ ಚಿರೆಕಲ್ಲಿನ ಬಾವಿಗಳಿಗೆ ಗಂಟೆಯ ಕಟ್ಟುಪಾಡು ಇರಲಿಲ್ಲ. ನಡುರಾತ್ರಿಯಲ್ಲಿಯೂ ಕೊಡ ಇಳಿಸಬಹುದಾಗಿತ್ತು. ಹಾಗೆಂದು ಆ ಕಾಲವನ್ನು ಹಾಡಿ ಹೊಗಳುವಂತೆಯೂ ಇಲ್ಲ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬಂದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಮತ್ತು ತೂತುತೂತಾದ ಚಿರೆಕಲ್ಲಿನ ನೆಲ ಕುಡಿದ ನೀರನ್ನು ಬಹಳ ದಿನ ಹಿಡಿದಿಡುವುದಿಲ್ಲ. ಏಪ್ರಿಲ್, ಮೇ ಬಂತೆಂದರೆ ಬಾವಿಯ ತಳ ಕಾಣುತ್ತದೆ. ಕೋಡಿಬಾಗದಂತೆ ಹೊಳೆಯ ಬಾಯಿಗೆ ಹತ್ತಿರವಿರುವ ಕಡೆ ತಳ ಕಾಣುವ ಮೊದಲೇ ನೀರು ಉಪ್ಪಾಗಬಹುದು.

ಉಪ್ಪೇ ಈ ಊರಿನ ಮೂಲ ಸಮಸ್ಯೆ. 184 ಕಿ.ಮೀ. ಹರಿದು ಬರುವ ಕಾಳಿಯಲ್ಲಿ ನೀರಿಗೆ ಬರವಿಲ್ಲ, ಆದರೆ ಊರಿನ ಎದುರು ಹರಿಯುವ ಕಾಳಿ ಅರ್ಧ ಸಮುದ್ರ. ಭರತದ ಹೊತ್ತಿಗೆ ಕಡಲ ನೀರು ಹೊಳೆಯೊಳಗೆ ಬಹುದೂರ ಏರುತ್ತದೆ. ಸಿಹಿನೀರು ಬೇಕಾದರೆ ಸುಮಾರು 30 ಕಿ.ಮೀ. ಮೇಲೆ, ಕದ್ರಾ ಅಣೆಕಟ್ಟಿನ ಕಡೆಗೆ ಹೋಗಬೇಕು. 1987ರಲ್ಲಿ ಪೂರ್ಣಗೊಂಡ ಸೂಪಾದಿಂದ ಹಿಡಿದು ಕೊಡಸಳ್ಳಿ, ಕದ್ರಾಗಳವರೆಗೆ ಕಾಳಿಗೆ ಕಟ್ಟಿದ ಅಣೆಕಟ್ಟುಗಳ ಮುಖ್ಯ ಉದ್ದೇಶ ವಿದ್ಯುತ್ತು; ಕೈಗಾ ಅಣುಸ್ಥಾವರ ತಂಪಾಗುವುದೂ ಕದ್ರಾದ ನೀರಿನಿಂದಲೇ. 2019ರ ಆಗಸ್ಟ್‌ನಲ್ಲಿ ಅದೇ ಕದ್ರಾದ ಗೇಟುಗಳಿಂದ ಬಿಟ್ಟ ನೀರು ಕೆಳಗಿನ ಹಳ್ಳಿಗಳ ಮನೆಗಳಿಗೆ ನುಗ್ಗಿತು. ಆಗಸ್ಟ್‌ನಲ್ಲಿ ಮನೆಯೊಳಗೆ ಬಂದ ಹೊಳೆ ಮೇ ತಿಂಗಳಲ್ಲಿ ನಳಕ್ಕೆ ಬರುವುದಿಲ್ಲವೇಕೆ ಎಂದು ಜನ ಕೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು.

ಕೊನೆಗೆ ಕಾರವಾರದ ದಾಹ ತೀರಿಸಲು ಬಂದದ್ದು ಪಕ್ಕದ ತಾಲೂಕಿನ ಹೊಳೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯಲ್ಲಿ ಗಂಗಾವಳಿಯಿಂದ ಎತ್ತಿದ ನೀರು ಶುದ್ಧಗೊಂಡು, ಅಂಕೋಲಾವನ್ನು ದಾಟಿ, ಕರಾವಳಿಯುದ್ದಕ್ಕೂ ಕೊಳವೆಯಲ್ಲಿ ಹರಿದು ಜಿಲ್ಲಾ ಕೇಂದ್ರವನ್ನು ಸೇರುತ್ತದೆ. ಈ ಗಂಗಾವಳಿ ಬೇರೆ ಯಾವುದೂ ಅಲ್ಲ, ಧಾರವಾಡದ ಸೀಮೆಯಲ್ಲಿ ಹುಟ್ಟಿ, ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಧುಮುಕಿ ಘಟ್ಟ ಇಳಿಯುವ ಬೇಡ್ತಿ. ಬೇಡ್ತಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆಯನ್ನು ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರು ವಿರೋಧಿಸಿದರು. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ನಡೆಸಿ, ಲಾಭನಷ್ಟದ ಲೆಕ್ಕವನ್ನು ಸರ್ಕಾರದ ಮುಂದಿಟ್ಟರು. ಯೋಜನೆ ನಿಂತಿತು, ಕಣಿವೆ ಉಳಿಯಿತು. ಆ ಗೆಲುವನ್ನು ನಾನು ಇಂದಿಗೂ ಗೆಲುವೆಂದೇ ಎಣಿಸುತ್ತೇನೆ. ಆದರೆ ಅದರ ಜೊತೆಗೇ ಬರುವ ಇನ್ನೊಂದು ಮಾತನ್ನೂ ಹೇಳಲೇಬೇಕು: ದೊಡ್ಡ ಅಣೆಕಟ್ಟಿಲ್ಲದ ಹೊಳೆ ಬೇಸಿಗೆಯಲ್ಲಿ ಸೊರಗುತ್ತದೆ, ಸೊರಗಿದ ಹೊಳೆಯೊಳಗೆ ಉಪ್ಪುನೀರು ಮೇಲೇರುತ್ತದೆ, ಮತ್ತು ಆ ಹೊಳೆಯನ್ನೇ ನಂಬಿದ ಊರು ತನ್ನ ನೀರನ್ನು ತಾನೇ ಬೇರೆ ಕಡೆ ಕೂಡಿಟ್ಟುಕೊಳ್ಳಬೇಕಾಗುತ್ತದೆ. ಆ ಕೂಡಿಡುವ ಕೆಲಸ ಊರು ಬೆಳೆದ ವೇಗಕ್ಕೆ ನಡೆಯಲಿಲ್ಲ.

ಬೆಳವಣಿಗೆ ಬಂದದ್ದು ಮುಖ್ಯವಾಗಿ ನೌಕಾನೆಲೆಯಿಂದ. 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿತು. ನೌಕಾನೆಲೆಗೂ ನೀರು ಗಂಗಾವಳಿಯದೇ. ನೀರೆಲ್ಲ ದೊಡ್ಡವರ ಪಾಲಾಗುತ್ತದೆ ಎಂಬ ಮಾತಿನ ಬೇರು ಇಲ್ಲಿದೆ, ಮತ್ತು ಹೊಲಮನೆ ಬಿಟ್ಟುಕೊಟ್ಟು ಎದ್ದುಹೋದ ಕುಟುಂಬಗಳಿರುವ ಊರಿನಲ್ಲಿ ಆ ಮಾತು ಬೇಗ ಬೇರು ಬಿಟ್ಟದ್ದು ಸಹಜ. ಆದರೆ ನೌಕಾನೆಲೆ ಇರದ ಊರುಗಳಲ್ಲಿಯೂ ರಾತ್ರಿ ನಳ ಒಣಗುತ್ತದೆ ಎಂಬುದನ್ನು ನೆನಪಿಟ್ಟರೆ ಕಾರಣ ಅಲ್ಲಿಗೇ ಮುಗಿಯುವುದಿಲ್ಲವೆಂದು ತಿಳಿಯುತ್ತದೆ.

ಕೊಳವೆ, ಟ್ಯಾಂಕುಗಳಿಗೆ ಹಣ ಬರಲೇ ಇಲ್ಲವೆಂದಲ್ಲ. ಏಷ್ಯಾ ಅಭಿವೃದ್ಧಿ ಬ್ಯಾಂಕ್ 1999ರಲ್ಲಿ ಮಂಜೂರು ಮಾಡಿದ ಸಾಲದಿಂದ ನಡೆದ, ಜನರ ಬಾಯಲ್ಲಿ ‘ಕುಡ್ಸೆಂಪ್’ ಆದ ಕರ್ನಾಟಕ ನಗರಾಭಿವೃದ್ಧಿ ಮತ್ತು ಕರಾವಳಿ ಪರಿಸರ ನಿರ್ವಹಣಾ ಯೋಜನೆಯ ಹತ್ತು ಊರುಗಳಲ್ಲಿ ಕಾರವಾರ, ಅಂಕೋಲಾ, ಶಿರಸಿ, ದಾಂಡೇಲಿ, ಭಟ್ಕಳಗಳೂ ಇದ್ದವು. ಇಂತಹ ಕಾಮಗಾರಿಗಳಲ್ಲಿ ಕಟ್ಟುವವರು ಒಬ್ಬರು, ದಿನನಿತ್ಯ ನಡೆಸುವವರು ಇನ್ನೊಬ್ಬರು. 1970ರ ದಶಕದಲ್ಲಿ ಹುಟ್ಟಿದ ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟಿ ಒಪ್ಪಿಸುತ್ತದೆ, ಸ್ಥಳೀಯ ಸಂಸ್ಥೆ ವಾಲ್ವ್ ತಿರುಗಿಸುತ್ತದೆ, ಕರೆಂಟು ಹೆಸ್ಕಾಂನದು. ಸೋರುವ ಹಳೆಯ ಕೊಳವೆ ಯಾರದು ಎಂಬ ಪ್ರಶ್ನೆಗೆ ಮಾತ್ರ ಥಟ್ಟನೆ ಉತ್ತರ ಸಿಗುವುದಿಲ್ಲ.

ಇನ್ನು ರಾತ್ರಿಯ ಮಾತು. ಪಂಪು ಹಗಲಿರುಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ನೀರು ದೂಡುತ್ತದೆ, ಮನೆಗಳು ಮಾತ್ರ ಬೆಳಗಿನ ಎರಡು ಮೂರು ಗಂಟೆಗಳಲ್ಲಿ ದಿನದ ಬಹುಪಾಲು ನೀರನ್ನು ಎಳೆದುಕೊಳ್ಳುತ್ತವೆ. ಈ ಅಂತರವನ್ನು ತುಂಬುವುದು ಎತ್ತರದ ಟ್ಯಾಂಕಿನ ಕೆಲಸ, ಮತ್ತು ಆ ಟ್ಯಾಂಕು ತುಂಬಲು ಸಿಗುವ ಹೊತ್ತೆಂದರೆ ರಾತ್ರಿಯೇ. ಟ್ಯಾಂಕು ಚಿಕ್ಕದಾಗಿ ಊರು ದೊಡ್ಡದಾದಾಗ ರಾತ್ರಿ ವಾಲ್ವ್ ತೆರೆದಿಟ್ಟರೆ ಬೆಳಿಗ್ಗೆ ಕೊಡಲು ಏನೂ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಸೋರಿಕೆ. ಜನ ಮಲಗಿದ ಮೇಲೆ ಬಳಕೆ ಇಳಿದು ಕೊಳವೆಯೊಳಗೆ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಒಡಕಿನಿಂದ ಹೆಚ್ಚು ನೀರು ಹೋಗುತ್ತದೆ. ಎಂಜಿನಿಯರುಗಳು ಸೋರಿಕೆಯನ್ನು ಅಳೆಯಲು ರಾತ್ರಿ ಎರಡರಿಂದ ನಾಲ್ಕರ ಹೊತ್ತನ್ನು ಆರಿಸಿಕೊಳ್ಳುವುದು ಇದಕ್ಕಾಗಿಯೇ: ಆಗ ಹರಿಯುವ ನೀರಿನಲ್ಲಿ ಬಹುಪಾಲು ಯಾರ ಕೊಡವನ್ನೂ ತುಂಬದ ನೀರು. ಹೀಗೆ ನೋಡಿದರೆ ರಾತ್ರಿ ವಾಲ್ವ್ ಮುಚ್ಚುವುದು ಸೋರುವ ಕೊಳವೆಗೆ ಕಂಡುಕೊಂಡ ಅಗ್ಗದ ಮದ್ದು.

ಆದರೆ ಆ ಮದ್ದು ರೋಗವನ್ನು ಬೆಳೆಸುತ್ತದೆ. ಖಾಲಿಯಾದ ಕೊಳವೆಯೊಳಗೆ ಒತ್ತಡವಿಲ್ಲದೆ ಪಕ್ಕದ ಗಟಾರದ ನೀರು ಒಡಕಿನಿಂದ ಒಳಸೇರಬಹುದು. ನೀರು ಬಿಟ್ಟ ಮೊದಲ ಹತ್ತು ನಿಮಿಷ ಕೆಂಪು ನೀರನ್ನು ಚೆಲ್ಲುವುದು ಗೃಹಿಣಿಯರಿಗೆ ಅಭ್ಯಾಸವಾಗಿಬಿಟ್ಟಿದೆ. ಮುಚ್ಚಿ ತೆರೆಯುವಾಗಿನ ಹೊಡೆತಕ್ಕೆ ಹಳೆಯ ಕೊಳವೆ ಇನ್ನೊಂದು ಕಡೆ ಒಡೆಯುತ್ತದೆ. ಇನ್ನು ಮನೆಗಳು ತಮಗೆ ತೋಚಿದ ದಾರಿ ಹಿಡಿದಿವೆ. ಉಳ್ಳವರು ಅಂಗಳದಲ್ಲಿ ಸಂಪು ತೋಡಿ, ಮಾಡಿನ ಮೇಲೆ ಸಿಂಟೆಕ್ಸ್ ಇಟ್ಟರು. ಕೆಲವರು ನಳಕ್ಕೇ ನೇರವಾಗಿ ಮೋಟಾರು ಹಚ್ಚಿದರು. ನೀರು ಬಂದ ಒಂದು ಗಂಟೆಯಲ್ಲಿ ಸಾವಿರಾರು ಲೀಟರ್ ಸಂಪಿಗೆ ಇಳಿದರೆ ಓಣಿಯ ತುದಿಯ ನಳಕ್ಕೆ ಬರುವುದು ಗಾಳಿ ಮಾತ್ರ. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಸರಾಸರಿಯಲ್ಲಿ ಸರಿಹೊಂದಿದರೂ, ಮೇಲಂತಸ್ತಿನ ಬಾಡಿಗೆ ಕೋಣೆಯಲ್ಲಿ ಎರಡು ಕೊಡಪಾನ, ಒಂದು ಬಕೆಟ್ ಇಟ್ಟುಕೊಂಡವರಿಗೆ ಅದು ಕಾಗದದ ಮೇಲಿನ ನೀರು. ಸಂಪು ಇರುವ ಮನೆಗೆ ರಾತ್ರಿಯ ನಿರ್ಬಂಧ ಇದೆಯೆಂಬುದೇ ಗೊತ್ತಾಗುವುದಿಲ್ಲ.

ಘಟ್ಟದ ಮೇಲಿನ ಶಿರಸಿಯ ಕಥೆ ಬೇರೆ. ಅಲ್ಲಿ ಉಪ್ಪಿನ ಕಾಟವಿಲ್ಲ. ಕೆಂಗ್ರೆ ಹೊಳೆ ಮತ್ತು ಮಾರಿಗದ್ದೆಯಿಂದ ನೀರನ್ನು ಊರಿಗೆ ಎತ್ತಿ ತರಬೇಕಾದ್ದರಿಂದ ಮರ ಬಿದ್ದು ಕರೆಂಟು ಹೋದರೆ ಮಳೆಗಾಲದಲ್ಲಿಯೂ ನಳ ನಿಲ್ಲಬಹುದು. ದಕ್ಷಿಣಕ್ಕೆ ಮಂಗಳೂರಿನಲ್ಲಿ ತುಂಬೆ ಕಿಂಡಿ ಅಣೆಕಟ್ಟಿನ ನೀರು ಇಳಿದು 2019ರಲ್ಲಿಯೂ 2023ರಲ್ಲಿಯೂ ಪಾಳಿಯ ಮೇಲೆ ನೀರು ಬಿಡಬೇಕಾಯಿತು.

ಇದಕ್ಕೆ ಬೇರೆ ದಾರಿ ಇಲ್ಲವೇ ಎಂದರೆ ಹುಬ್ಬಳ್ಳಿ ಧಾರವಾಡದ ಉದಾಹರಣೆ ಇದೆ. ವಾರಗಟ್ಟಲೆ ನೀರಿಗೆ ಕಾಯುತ್ತಿದ್ದ ಆ ಅವಳಿ ನಗರದ ಕೆಲವು ವಾರ್ಡುಗಳಿಗೆ ವಿಶ್ವಬ್ಯಾಂಕಿನ ನೆರವಿನಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬಂತು. ಅಲ್ಲಿ ಹೊಸ ಹೊಳೆಯನ್ನೇನೂ ತಂದಿರಲಿಲ್ಲ. ಆ ವಾರ್ಡುಗಳ ಕೊಳವೆಗಳನ್ನು ಪೂರ್ತಿ ಬದಲಿಸಿ, ಮನೆಮನೆಗೆ ಮೀಟರ್ ಕೂರಿಸಿ, ಬಳಸಿದಷ್ಟಕ್ಕೆ ದರ ಹಾಕಿದ್ದರು. ಉಳಿದ ವಾರ್ಡುಗಳು ಬಹುಕಾಲ ಕಾಯುತ್ತಲೇ ಉಳಿದದ್ದೂ ಅಷ್ಟೇ ನಿಜ.

ಕೊಳವೆ ಬದಲಿಸಲು ಕೋಟಿಗಟ್ಟಲೆ ಹಣ ಬೇಕು, ಟ್ಯಾಂಕು ಕಟ್ಟಲು ವರ್ಷಗಳು ಬೇಕು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಹಿಂದಿನ ದಿನವೇ ತಿಳಿಸಲು ಇವೆರಡೂ ಬೇಡ. ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬರುವ ವಾಲ್ವ್‌ಮನ್‌ಗೆ ಯಾವ ಗುಂಡಿಯಲ್ಲಿ ಎಷ್ಟು ಸುತ್ತು ತಿರುಗಿಸಿದರೆ ಯಾವ ಓಣಿಯ ತುದಿಗೆ ನೀರು ಮುಟ್ಟುತ್ತದೆ ಎಂಬುದು ಕೈಗೇ ಗೊತ್ತಿರುತ್ತದೆ. ಆ ಲೆಕ್ಕ ಅವನ ಕೈಯಲ್ಲಿಯೇ ಉಳಿದಿದೆ. ಬೈತಖೋಲದ ಮನೆಯಾಕೆ ಅದನ್ನು ತಿಳಿಯುವುದು ಪಕ್ಕದ ಮನೆಯ ಹಂಡೆಗೆ ನೀರು ಬೀಳುವ ಸದ್ದಿನಿಂದ.