ಫೋನ್ ಚೆನ್ನಾಗೇ ಐತಲ್ಲೋ!

ಮೊನ್ನೆ ದೊಡ್ಡಪ್ಪನನ್ನು ಕರೆದುಕೊಂಡು ದಾವಣಗೆರೆಯ ಅಶೋಕ ರಸ್ತೆ ಕಡೆ ಹೋಗಿದ್ದೆ. ಅವರ ಹಳೇ ಫೋನಿನಲ್ಲಿ ಮೆಕ್ಕೆಜೋಳದ ರೇಟು ನೋಡಲು ಆಗುತ್ತಿರಲಿಲ್ಲ. ಯಾವ ಪುಟ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತಿತ್ತು. ರಿಪೇರಿ ಅಂಗಡಿಯ ಹುಡುಗ ಬ್ಯಾಟರಿ ನೋಡಿದ, ಚಾರ್ಜಿಂಗ್ ಪಿನ್ ನೋಡಿದ, ಡಿಸ್‌ಪ್ಲೇ ಮೇಲೆ ಬೆರಳಾಡಿಸಿದ. ಎಲ್ಲ ಸರಿ ಇತ್ತು. “ಇದರ ಓಎಸ್ ನಿಂತೋಗಿದೆ ಸಾರ್, ಅಪ್‌ಡೇಟ್ ಬರಲ್ಲ” ಎಂದ.

“ಫೋನ್ ಚೆನ್ನಾಗೇ ಐತಲ್ಲೋ. ಮತ್ತೆ ನಿಂತಿದ್ದೇನು?” ಎಂದರು ದೊಡ್ಡಪ್ಪ.

ಆ ಪ್ರಶ್ನೆ ಇನ್ನೂ ನನ್ನ ತಲೆಯಲ್ಲಿದೆ. ಓಎಸ್ ಅಂದರೆ ಫೋನಿನ ಎಲ್ಲ ಭಾಗಗಳಿಂದ ಕೆಲಸ ಮಾಡಿಸುವ ಮೂಲ ಸಾಫ್ಟ್‌ವೇರ್. ಅದನ್ನು ಕೈಬಿಟ್ಟೆವು ಎಂದು ಕಂಪನಿ ಹೇಳಿದ ದಿನ ನಮ್ಮ ಫೋನಿನ ಒಳಗೆ ಏನೂ ಆಗುವುದಿಲ್ಲ. ಒಂದಕ್ಷರವೂ ಬದಲಾಗುವುದಿಲ್ಲ. ಬದಲಾಗುವುದು ಹೊರಗಿನ ಲೋಕ.

ಎಪಿಎಂಸಿ ಯಾರ್ಡಿನ ಗೇಟಿನಲ್ಲಿ ಒಬ್ಬ ಕಾವಲುಗಾರ ಇದ್ದಾನೆ ಅಂದುಕೊಳ್ಳಿ. ಕೆಲಸಕ್ಕೆ ಸೇರಿದ ದಿನ ಅವನಿಗೊಂದು ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ನಂಬಬಹುದಾದ ಸೀಲುಗಳ ಗುರುತು ಇದೆ, ಪ್ರತಿ ಸೀಲಿಗೂ ಒಂದು ಅವಧಿ ಇದೆ. ವರ್ಷಗಳು ಕಳೆದವು. ಹಳೇ ಸೀಲುಗಳ ಅವಧಿ ಮುಗಿಯಿತು, ಹೊಸವು ಬಂದವು. ಪಟ್ಟಿಯನ್ನು ಮಾತ್ರ ಯಾರೂ ತಿದ್ದಿಕೊಡಲಿಲ್ಲ. ಈಗ ಸಾಚಾ ವ್ಯಾಪಾರಿ ಸರಿಯಾದ ಚೀಟಿ ತಂದರೂ ಅವನು ತಡೆಯುತ್ತಾನೆ. ತಪ್ಪು ಅವನದ್ದಲ್ಲ.

ಫೋನಿನಲ್ಲೂ ಇಂಥದ್ದೇ ಪಟ್ಟಿ ಇರುತ್ತದೆ. ವೆಬ್‌ಸೈಟುಗಳು ತಮ್ಮ ಗುರುತಿಗೆ ಸರ್ಟಿಫಿಕೇಟ್ ತೋರಿಸುತ್ತವೆ, ಅದನ್ನು ಯಾರು ಕೊಟ್ಟರು ಎಂದು ಫೋನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಕೋಟ್ಯಂತರ ಸೈಟುಗಳಿಗೆ ಪುಕ್ಕಟೆಯಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಶುರುವಿನಲ್ಲಿ ಇನ್ನೊಂದು ಹಳೇ ಸಂಸ್ಥೆಯ ಸೀಲನ್ನೂ ನೆಚ್ಚಿಕೊಂಡಿತ್ತು. ಆ ಹಳೇ ಸೀಲಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹೊಸ ಸೀಲಿನ ಪರಿಚಯವಿಲ್ಲದ ಎಷ್ಟೋ ಹಳೇ ಸಾಧನಗಳಲ್ಲಿ, ಹಿಂದಿನ ದಿನ ತೆರೆಯುತ್ತಿದ್ದ ಸೈಟುಗಳು ಮರುದಿನ ತೆರೆಯಲಿಲ್ಲ.

ಅಂಗಡಿಯ ಹುಡುಗ ಜಾಣ. ಫೋನಿನ ತಾರೀಕನ್ನು ಐದು ವರ್ಷ ಹಿಂದಕ್ಕೆ ಹಾಕಿದ. ಹಳೇ ಸೀಲಿಗೆ ಜೀವ ಬರಲಿ ಅಂತ. ಆಗಲೂ ಪುಟ ತೆರೆಯಲಿಲ್ಲ. ಯಾಕೆ ಗೊತ್ತಾ? ಲೆಟ್ಸ್ ಎನ್‌ಕ್ರಿಪ್ಟ್ ಕೊಡುವಂಥ ಸರ್ಟಿಫಿಕೇಟುಗಳ ಆಯಸ್ಸು ಹೆಚ್ಚೆಂದರೆ 90 ದಿನ. ಐದು ವರ್ಷ ಹಿಂದಿರುವ ಫೋನಿನ ಲೆಕ್ಕದಲ್ಲಿ ಅವು ಇನ್ನೂ ಹುಟ್ಟೇ ಇಲ್ಲ!

ಕೆಲವು ಫೋನುಗಳ ಕತೆ ಇನ್ನೂ ಕಷ್ಟದ್ದು. ಬ್ಲ್ಯಾಕ್‌ಬೆರಿಯ ಹಳೇ ಓಎಸ್‌ಗಳು ಕಂಪನಿಯ ಸರ್ವರುಗಳನ್ನು ತುಂಬಾ ಅವಲಂಬಿಸಿದ್ದವು. 2022ರ ಜನವರಿ 4ರಂದು ಆ ಸೇವೆಗಳು ನಿಂತವು. ಇನ್ನು ಮುಂದೆ ಕರೆ, ಎಸ್ಸೆಮ್ಮೆಸ್ ಕೂಡ ಸರಿಯಾಗಿ ನಡೆಯುತ್ತವೆ ಎಂದು ನೆಚ್ಚಿಕೊಳ್ಳಬೇಡಿ ಎಂದು ಕಂಪನಿಯೇ ಹೇಳಿತ್ತು.

ಹಾಗಾದರೆ ನಿಂತ ಓಎಸ್‌ಗೆ ಮುಂದೇನು? ಅದರ ಕೋಡ್, ಅಂದರೆ ಅದನ್ನು ಬರೆದ ಮೂಲ ಸೂಚನೆಗಳು, ಹೊರಗೆ ಬಂದಿದೆಯೋ ಇಲ್ಲವೋ ಎಂಬುದು ದೊಡ್ಡ ಮಾತು. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ ನೆನಪಿದೆಯಾ? 2014ರಲ್ಲಿ ಇಂಟೆಕ್ಸ್ ಕಂಪನಿ ಅದನ್ನು ಹಾಕಿದ ಫೋನನ್ನು 1,999 ರೂಪಾಯಿಗೆ ಭಾರತದಲ್ಲಿ ಮಾರಿತು. 2015ರ ಡಿಸೆಂಬರಿನಲ್ಲಿ ಮೊಜಿಲ್ಲಾ ಫೋನಿನ ಆಸೆ ಕೈಬಿಟ್ಟಿತು. ಆದರೆ ಕೋಡ್ ಎಲ್ಲರಿಗೂ ಮುಕ್ತವಾಗಿತ್ತು. ಅದರಿಂದಲೇ ಕೈಓಎಸ್ ಹುಟ್ಟಿತು. 2017ರಲ್ಲಿ ಬಂದ ಜಿಯೋಫೋನ್ ಓಡಿದ್ದು ಅದರ ಮೇಲೆ. ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ಆ ಬಟನ್ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮಾಡುವವರನ್ನು ನೋಡಿದ್ದೇನೆ. ಮುಗಿಯಿತು ಅಂದುಕೊಂಡ ಕೋಡ್ ಅವರ ಕೈಗೆ ಬಂದಿತ್ತು. ವೆಬ್‌ಓಎಸ್ ಕೂಡ ಹೀಗೇ. ಅದರ ಫೋನು, ಟ್ಯಾಬ್ಲೆಟ್‌ಗಳನ್ನು ಎಚ್‌ಪಿ 2011ರಲ್ಲಿ ನಿಲ್ಲಿಸಿತು, 2013ರಲ್ಲಿ ಎಲ್‌ಜಿ ಅದನ್ನು ಕೊಂಡಿತು. ಈಗ ಅದು ಎಲ್‌ಜಿ ಟಿವಿಗಳಲ್ಲಿ ಓಡುತ್ತಿದೆ.

ಆದರೆ ಇದು ಓಎಸ್ ಉಳಿದ ಕತೆ, ಫೋನ್ ಉಳಿದ ಕತೆಯಲ್ಲ. ದೊಡ್ಡಪ್ಪನ ಕೈಯಲ್ಲಿರುವ ಫೋನಿಗೇ ಹೊಸ ಓಎಸ್ ಹಾಕಬೇಕೆಂದರೆ ಬೂಟ್‌ಲೋಡರ್ ಅಡ್ಡ ಬರುತ್ತದೆ. ಫೋನ್ ಆನ್ ಆದಾಗ ಮೊದಲು ಏಳುವ ಸಣ್ಣ ಪ್ರೋಗ್ರಾಂ ಅದು. ಕಂಪನಿಯ ಡಿಜಿಟಲ್ ಸಹಿ ಇಲ್ಲದ ಓಎಸ್ ಅನ್ನು ಅನೇಕ ಫೋನುಗಳ ಬೂಟ್‌ಲೋಡರ್ ಏಳಲು ಬಿಡುವುದೇ ಇಲ್ಲ. ಆ ಬೀಗ ತೆರೆದರೂ ಡ್ರೈವರ್‌ಗಳು ಬೇಕು. ಕ್ಯಾಮೆರಾ, ನೆಟ್‌ವರ್ಕ್ ಹಿಡಿಯುವ ಮೋಡೆಮ್‌ಗಳ ಜೊತೆ ಮಾತಾಡುವ ಆ ಕೋಡನ್ನು ಚಿಪ್ ಮಾಡಿದವರು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ. ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಯೋಜನೆಯವರು 2017ರಿಂದ ಇದಕ್ಕಾಗಿ ಒದ್ದಾಡುತ್ತಿದ್ದಾರೆ. ಫೋನಿಗೆ ಹತ್ತು ವರ್ಷದ ಬಾಳಿಕೆ ಕೊಡಬೇಕು ಎಂಬುದು ಅವರ ಗುರಿ. ಎಷ್ಟೋ ಫೋನುಗಳಲ್ಲಿ ಅವರ ಓಎಸ್ ಏಳುತ್ತದೆ, ಆದರೆ ಕ್ಯಾಮೆರಾ ಇಲ್ಲ, ಕರೆ ಇಲ್ಲ.

ನಮ್ಮೂರು ಹತ್ತಿ ಮಿಲ್ಲುಗಳ ಊರಾಗಿತ್ತು. ಮಿಲ್ಲಿನ ಯಂತ್ರ ಕೆಟ್ಟರೆ ಅದನ್ನು ಮಾಡಿದ ಕಂಪನಿ ಇದೆಯೋ ಇಲ್ಲವೋ ಎಂದು ಫಿಟ್ಟರ್ ಕೇಳಬೇಕಿರಲಿಲ್ಲ. ಸ್ಪ್ಯಾನರ್ ಸಾಕಿತ್ತು. ಓಎಸ್ ನಿಲ್ಲಿಸುವುದು ಕಂಪನಿಯ ಹಕ್ಕು, ಒಪ್ಪುತ್ತೇನೆ. ಎಲ್ಲವನ್ನೂ ಎಂದೆಂದಿಗೂ ನಡೆಸಿ ಎಂದು ಯಾರೂ ಕೇಳುತ್ತಿಲ್ಲ. ನಿಲ್ಲಿಸುವ ದಿನ ಬೂಟ್‌ಲೋಡರಿನ ಬೀಗ ತೆಗೆದುಕೊಡಲಿ, ಡ್ರೈವರ್ ಕೋಡ್ ಹೊರಗಿಡಲಿ. ಫೋನಿಗೆ ದುಡ್ಡು ಕೊಟ್ಟವರು ನಾವು ಅಲ್ವಾ?

ಹುಡುಗ ಫೋಟೊಗಳನ್ನೂ ನಂಬರುಗಳನ್ನೂ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟ. ಬ್ಯಾಂಕಿನ ಕೆಲಸ ಇದರಲ್ಲಿ ಬೇಡ, ಭದ್ರತೆಯ ಅಪ್‌ಡೇಟ್ ಬರಲ್ಲ ಎಂದು ಬಿಡಿಸಿ ಹೇಳಿದ. ದೊಡ್ಡಪ್ಪ ಫೋನನ್ನು ಅಂಗಿ ಜೇಬಿಗೆ ಇಟ್ಟುಕೊಂಡರು. ಕರೆ ಬರುತ್ತದೆ, ಟಾರ್ಚ್ ಉರಿಯುತ್ತದೆ. ಬೆಳಗಿನ ಜಾವ ಗದ್ದೆಗೆ ಚಾನೆಲ್ ನೀರು ಬಿಡಲು ಏಳಿಸುವ ಅಲಾರಂ ಈಗಲೂ ಅದರದ್ದೇ.