ಐಡಿಪಿ ಮೇಲೆ 1 ವರ್ಷ ಅಂತ ಇದ್ದರೆ ಸಾಲದು

ಹುಬ್ಬಳ್ಳಿಯಲ್ಲಿ ಲೈಸೆನ್ಸ್ ಕೆಲಸ ಮಾಡಿಸಿಕೊಡುವ ನನ್ನ ಹತ್ತಿರ, ವಿದೇಶಕ್ಕೆ ಹೊರಟವರು ಬಂದು ಕೇಳುವುದು ಒಂದೇ: "ಸರ್ರ, ಐಡಿಪಿ ಮಾಡಿಸಿಕೊಡ್ರಿ, ಅಷ್ಟಾದ್ರ ಸಾಕು." ಐಡಿಪಿ ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಸುತ್ತಾಡಿ ವಾಪಸ್ ಬರುವವರಿಗೆ ಅದು ಸಾಕು. ಅಲ್ಲೇ ಮನೆ ಮಾಡಿ ನೌಕರಿಗೆ ನಿಲ್ಲುವವರಿಗೆ ಸಾಲುವುದಿಲ್ಲ.

ಎಷ್ಟು ಹೇಳಿದರೂ ಇದು ಜನರ ತಲೆಗೆ ಹೋಗುತ್ತಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಐಡಿಪಿ ಬೇರೆ ಲೈಸೆನ್ಸ್ ಅಲ್ಲ. ನಿಮ್ಮ ಕೆಎ-25 ಅಥವಾ ಕೆಎ-63 ಲೈಸೆನ್ಸಿನ ವಿವರವನ್ನೇ ಬೇರೆ ಭಾಷೆಗಳಲ್ಲಿ ತೋರಿಸುವ ಪುಸ್ತಕ ಅದು. ಅದರ ಮೇಲೆ 1 ವರ್ಷ ಅಂತ ಇರುತ್ತದೆ, ಎಲ್ಲರೂ ಅದನ್ನೇ ನಂಬಿ ಕೂರುತ್ತಾರೆ. ಆದರೆ ಎಲ್ಲಿಯವರೆಗೆ ಗಾಡಿ ಓಡಿಸಬಹುದು ಅನ್ನುವುದನ್ನು ಹೇಳುವುದು ಆ ದೇಶದ ಕಾನೂನು, ಅಲ್ಲಿನ ಲೆಕ್ಕ ಶುರುವಾಗುವುದು ನೀವು ವಾಸಕ್ಕೆ ನಿಂತ ದಿನದಿಂದ. ಜರ್ಮನಿಯಲ್ಲಿ 6 ತಿಂಗಳು, ಬ್ರಿಟನ್ನಿನಲ್ಲಿ 12 ತಿಂಗಳು, ಕೆನಡಾದ ಒಂಟಾರಿಯೋದಲ್ಲಿ ಬರೀ 60 ದಿನ. ಐಡಿಪಿಯಲ್ಲಿ ಇನ್ನೂ ಹತ್ತು ತಿಂಗಳು ಉಳಿದಿರಲಿ, ಒಂಟಾರಿಯೋದಲ್ಲಿ 61ನೇ ದಿನ ಅದು ನಡೆಯುವುದಿಲ್ಲ.

ಹಾಗಾದರೆ ನಮ್ಮ ಲೈಸೆನ್ಸ್ ಕೊಟ್ಟು ಅವರದು ತಗೊಂಡರಾಯಿತು ಅಂತಾರೆ. ಜರ್ಮನಿ, ಬ್ರಿಟನ್ ಎರಡೂ ಕಡೆ ಭಾರತದ ಲೈಸೆನ್ಸಿಗೆ ಆ ಅವಕಾಶ ಇಲ್ಲ. ಇಲ್ಲಿ 20 ವರ್ಷ ಓಡಿಸಿದವರೂ ಥಿಯರಿ, ರಸ್ತೆ ಎರಡೂ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಯ ತಾರೀಖು ಬೇಗ ಸಿಗುವುದಿಲ್ಲ, ಹೋದ ಕೂಡಲೇ ಅರ್ಜಿ ಹಾಕಿ.

ಗದಗಿನಿಂದ ಒಬ್ಬ ತಾಯಿ ಬಂದಿದ್ದರು. ಮಗ ಜರ್ಮನಿಯಲ್ಲಿದ್ದು ವರ್ಷವಾಗಿತ್ತು, "ಇನ್ನೊಂದು ವರ್ಷದ್ದು ಮಾಡಿಸಿಕೊಡ್ರಿ, ಅಂವಾ ಆಫೀಸಿಗೆ ಹೋಗಬೇಕಲ್ರಿ" ಅಂದರು. ಬಹಳ ಅಕ್ಕರೆಯಿಂದ ಎಲ್ಲ ಕಾಗದ ಜೋಡಿಸಿ ತಂದಿದ್ದರು. "ಅಕ್ಕಾರ, ಹತ್ತು ಐಡಿಪಿ ಮಾಡಿಸಿದ್ರೂ ಆ ಆರು ತಿಂಗಳು ಹೊಳ್ಳಿ ಬರಂಗಿಲ್ರಿ" ಅಂದೆ. ಅವಧಿ ಮುಗಿದ ಮೇಲೆ ಓಡಿಸಿದರೆ ಅಲ್ಲಿ ಅದು ಅಪರಾಧ, ದಂಡ ಇಲ್ಲವೇ 1 ವರ್ಷದವರೆಗೆ ಜೈಲು ಆಗಬಹುದು, ಅಪಘಾತವಾದರೆ ಇನ್ಶೂರೆನ್ಸ್ ಕೂಡ ಕೈಕೊಡಬಹುದು ಅಂತ ಹೇಳಿದೆ. ಆ ತಾಯಿ ಕುಳಿತಲ್ಲಿಂದಲೇ ಮಗನಿಗೆ ಫೋನ್ ಹಚ್ಚಿ, "ನಾಳಿಂದ ಬಸ್ಸಿನ್ಯಾಗ ಹೋಗು, ಕಾರ್ ಮುಟ್ಟಬ್ಯಾಡ" ಅಂದರು. ನನಗೆ ಸಮಾಧಾನವಾಯಿತು.

ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಆ ದೇಶದ ಸರ್ಕಾರಿ ವೆಬ್‌ಸೈಟನ್ನೇ ನೋಡಿ, ಅಲ್ಲಿರುವ ಗೆಳೆಯರ ಮಾತು ನಂಬಬೇಡಿ. ಒಂಟಾರಿಯೋದಲ್ಲಿ ಹಳೆಯ ಅನುಭವಕ್ಕೆ ಲೆಕ್ಕ ಸಿಗುತ್ತದೆ, ಆದರೆ 1 ವರ್ಷಕ್ಕಿಂತ ಜಾಸ್ತಿ ಬೇಕಿದ್ದರೆ ಅಧಿಕೃತ ಪತ್ರ ಬೇಕು. ಹಾಗಾಗಿ ಇಲ್ಲಿರುವಾಗಲೇ ಆರ್‌ಟಿಓದಿಂದ ಡಿಎಲ್ ಎಕ್ಸ್‌ಟ್ರ್ಯಾಕ್ಟ್ (ನಿಮ್ಮ ಲೈಸೆನ್ಸಿನ ದಾಖಲೆಯ ಅಧಿಕೃತ ಪ್ರತಿ) ತೆಗೆಸಿಟ್ಟುಕೊಳ್ಳಿ. ನಿಮ್ಮದು ಹಳೆಯ ಪುಸ್ತಕದ ಲೈಸೆನ್ಸ್ ಆಗಿದ್ದರೆ ಸಾರಥಿಯಲ್ಲಿ (ಲೈಸೆನ್ಸುಗಳ ಸರ್ಕಾರಿ ವೆಬ್‌ಸೈಟ್) ಹೆಸರು ಬರುತ್ತದಾ ನೋಡಿ, ಇಲ್ಲದಿದ್ದರೆ ಮೊದಲು ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಅದರಲ್ಲಿ ಸೇರಿಸುವ ಕೆಲಸ, ಮಾಡಿಸಿ. ಇಲ್ಲಿಯ ಲೈಸೆನ್ಸನ್ನು ಅವಧಿ ಮುಗಿಯುವ 1 ವರ್ಷ ಮೊದಲೇ ನವೀಕರಿಸಬಹುದು. ಮುಗಿದು 1 ವರ್ಷ ದಾಟಿದರೆ ಇಲ್ಲೂ ಮತ್ತೆ ಟೆಸ್ಟ್ ಕೊಡಬೇಕಾಗುತ್ತದೆ, ಅದಕ್ಕಾಗಿ ನೀವೇ ಊರಿಗೆ ಬರಬೇಕು.